ಬೆಲ್ಟ್ ಹಾಕಿಸಲು ತ್ಯಾಗರಾಜನಗರಕ್ಕೆ

ಮಲ್ಲೇಶ್ವರದಿಂದ ತ್ಯಾಗರಾಜನಗರಕ್ಕೆ ಹೆಚ್ಚೆಂದರೆ ಹತ್ತು ಕಿಲೋಮೀಟರು. ಇದನ್ನೂ ಪ್ರವಾಸ ಎನ್ನುತ್ತಾರೆಯೇ ಎಂದು ನೀವು ನಗಬಹುದು. ಕಾಶಿಗೆ ಹೋಗಿ ಬಂದಾಗಲೂ ನನಗೆ ಇಷ್ಟು ಸುಸ್ತಾಗಿರಲಿಲ್ಲ. ಮಾರ್ಚ್ ತಿಂಗಳ ಒಂದು ಸೋಮವಾರ, ಬೆಳಿಗ್ಗೆ ಎಂಟೂವರೆಗೆ, ನಮ್ಮ ಯಜಮಾನರ ಸೈಕಲ್ಲನ್ನು ಲಗೇಜ್ ಆಟೊಗೆ ಹತ್ತಿಸಿಕೊಂಡು ಹೊರಟೆ. ಬಾಡಿಗೆ ನಾನೂರು ರೂಪಾಯಿ. ಆ ಹೊತ್ತಿಗೇ ಬಿಸಿಲು ಚುರುಗುಟ್ಟುತ್ತಿತ್ತು.

ಸೈಕಲ್ಲಿನ ಬಗ್ಗೆ ಹೇಳಲೇಬೇಕು. ಟೈಟಾನಿಯಂ ಎಂಬ ಲೋಹದ್ದು, ಬೆಟ್ಟ ಹತ್ತುವ ದಪ್ಪ ಟೈರಿನ ಜಾತಿ. ದರ್ಜಿ ಅಳತೆ ತೆಗೆಯುವ ಹಾಗೆ ಯಜಮಾನರ ಕಾಲು, ತೋಳು, ಬೆನ್ನು ಅಳೆದು ಕಟ್ಟಿದ್ದು. ಗೇರುಗಳೆಲ್ಲ ಹಿಂದಿನ ಚಕ್ರದ ನಡುವಿನ ಡಬ್ಬಿಯೊಳಗೇ ಅಡಗಿವೆ. ಚೈನಿನ ಬದಲು ಹಲ್ಲಿರುವ ಕಪ್ಪು ಬೆಲ್ಟು. ಎಣ್ಣೆ ಬೇಡ, ಪ್ಯಾಂಟಿಗೆ ಮಸಿ ಹತ್ತುವುದಿಲ್ಲ. ಯಜಮಾನರು ಕಾರ್ಖಾನೆಯಲ್ಲಿ ಲೇತ್ ಮೇಲೆ ಲೋಹ ಕಡೆಯುವ ಟರ್ನರ್ ಆಗಿದ್ದವರು. ನಿವೃತ್ತಿಯ ದುಡ್ಡಿನಲ್ಲಿ ಇದನ್ನು ಮಾಡಿಸಿದಾಗ ನಾನು ಎರಡು ದಿನ ಮಾತು ಬಿಟ್ಟಿದ್ದೆ.

ಆಮೇಲೆ ಅವರಿಗೆ ಪಾರ್ಕಿನ್ಸನ್ ಕಾಯಿಲೆ ಬಂತು. ಕೈ ನಡುಕ, ತಡೆದು ತಡೆದು ಬರುವ ಮಾತು. ನಡೆಯಲು ಹೊರಟರೆ ಪಾದ ನೆಲಕ್ಕೆ ಅಂಟಿಕೊಂಡುಬಿಡುತ್ತದೆ. ಆದರೆ ಅದೇ ಮನುಷ್ಯರನ್ನು ಹಿಡಿದು ಸೈಕಲ್ ಮೇಲೆ ಕೂರಿಸಿದರೆ ಸ್ಯಾಂಕಿ ಕೆರೆ ಸುತ್ತಿ ಬರುತ್ತಿದ್ದರು! ಕಣ್ಣಾರೆ ನೋಡದಿದ್ದರೆ ನಾನು ನಂಬುತ್ತಿರಲಿಲ್ಲ. ಒಮ್ಮೆ ಪಕ್ಕದ ಮನೆಯವರ ಸೈಕಲ್ ಹತ್ತಿಸಿ ನೋಡಿದೆವು, ಬಿದ್ದು ಮೊಣಕೈ ಮುರಿದುಕೊಂಡರು. ಅವರ ಮೈಗೆ ಒಗ್ಗಿದ್ದು ಇದೊಂದೇ. ಡಾಕ್ಟರು ಹೇಳಿದರು: "ಓಡಿಸ್ಲಿ ಬಿಡಿ. ಆದ್ರೆ ಇನ್ನೊಂದು ಆರು ತಿಂಗಳು ಅಂದ್ಕೊಳಿ ಅಮ್ಮಾ. ಆಮೇಲೆ ಬ್ಯಾಲೆನ್ಸೂ ಹೋಗುತ್ತೆ."

ಆ ವಾರವೇ ಬೆಲ್ಟು ಕಿತ್ತುಹೋಯಿತು. ಸೈಕಲ್ ಕಟ್ಟಿಕೊಟ್ಟ ಶ್ರೀಧರ್ ತ್ಯಾಗರಾಜನಗರದವರು. ಫೋನ್ ಮಾಡಿದರೆ, "ಒಂದು ಬೆಲ್ಟ್ ಇದೆ, ತಗೊಂಬನ್ನಿ" ಎಂದರು. ಹಿಂದಿನ ದಿನ ಮಧ್ಯಾಹ್ನವೆಲ್ಲ ಯಜಮಾನರು ಸೈಕಲ್ ಪಕ್ಕ ಕೂತು ನಡುಗುವ ಕೈಯಲ್ಲಿ ಏನನ್ನೋ ಬಿಚ್ಚುತ್ತಿದ್ದರು. ಹೊರಡುವಾಗ ಒಂದು ಮಾತ್ರೆ ಡಬ್ಬಿ ನನ್ನ ಕೈಗಿಟ್ಟರು. ಒಳಗೆ ಎರಡು ಪುಟ್ಟ ಬೋಲ್ಟು.

"ಇದು... ಹಿಂದೆ... ಅಲ್ಲಿ..."

"ಶ್ರೀಧರ್‌ಗೆ ಕೊಡ್ಬೇಕು ತಾನೇ? ಕೊಡ್ತೀನಿ, ನೀವು ಒಳಗೆ ಕೂತ್ಕೊಳ್ಳಿ," ಎಂದೆ.

ಅವರಿಗೆ ಇನ್ನೂ ಏನೋ ಹೇಳುವುದಿತ್ತು, ತುಟಿ ಅಲುಗುತ್ತಿತ್ತು. ಆಟೊದವನು ಹಾರ್ನ್ ಹೊಡೆಯುತ್ತಿದ್ದ. ಮದುವೆಯಾದಾಗಿನಿಂದ ಅವರ ಅರ್ಧ ಮಾತನ್ನು ಮುಗಿಸುವವಳು ನಾನೇ. ಆಟೊ ಹತ್ತಿದೆ.

ಮೆಜೆಸ್ಟಿಕ್ ದಾಟಿ ಚಾಮರಾಜಪೇಟೆ ಮುಟ್ಟುವಷ್ಟರಲ್ಲಿ ಒಂದು ಗಂಟೆ ಹಿಡಿಯಿತು. ಅಲ್ಲಿ ಆಟೊದವನಿಗೆ ಫೋನ್ ಬಂತು. "ಅಮ್ಮಾ, ಮಾರ್ಕೆಟ್ ಲೋಡ್ ಬಂದ್ಬಿಟ್ಟಿದೆ. ಇಲ್ಲೇ ಇಳ್ಕೊಳಿ, ಇನ್ನೂರು ಕೊಡಿ ಸಾಕು." ಬೈದೆ, ಇಳಿದೆ. ಎದುರಿಗೇ ಗೇಟು, ಗ್ರಿಲ್ಲು ಮಾಡುವ ವೆಲ್ಡಿಂಗ್ ಅಂಗಡಿ. ಅದರ ಯಜಮಾನ, ನರೆತ ಮೀಸೆಯವನು, ತಾನಾಗಿ ಬಂದು ಸೈಕಲ್ ಇಳಿಸಿಕೊಟ್ಟ. ಇಳಿಸಿದವನು ಅಲ್ಲೇ ಬಗ್ಗಿ ನೋಡಿದ.

"ಮೇಡಮ್, ಫ್ರೇಮ್ ಸೀಳಿದೆ ನೋಡಿ."

ಹಿಂದಿನ ಚಕ್ರದಿಂದ ಸೀಟಿನ ಕಡೆಗೆ ಏರುವ ಕೊಳವೆಯಲ್ಲಿ, ಅಡ್ಡಕ್ಕೆ, ಕೂದಲೆಳೆಯಷ್ಟು ಸೀಳು. ಇದರ ಮೇಲೆ ಅವರನ್ನು ಕೂರಿಸುತ್ತಿದ್ದೆನಲ್ಲ! ಈ ಆಟೊದವನು ಇಲ್ಲೇ ಇಳಿಸಿದ್ದು ದೇವರ ದಯೆ ಅಂದುಕೊಂಡೆ. ಸೀಳಿನ ಒಳಮಗ್ಗುಲಲ್ಲಿ, ಚಕ್ರದ ಕಡೆಗೆ, ಎರಡು ತೂತುಗಳಿದ್ದವು. ಆಗ ನಾನು ಬಗ್ಗಿ ನೋಡಲಿಲ್ಲ.

"ಬೆಸುಗೆ ಹಾಕ್ತೀರಾ?"

"ಇದು ಕಬ್ಬಿಣ ಅಲ್ಲ, ಸ್ಟೀಲ್ ಇರ್ಬೇಕು. ಸ್ಟೀಲ್ ರಾಡಲ್ಲೇ ಹಾಕ್ತೀನಿ, ಗಟ್ಟಿ ಇರುತ್ತೆ."

ಕಾಲು ಗಂಟೆ ಕಿಡಿ ಹಾರಿತು. ಅಷ್ಟರಲ್ಲಿ ಯಜಮಾನರ ಕಾಯಿಲೆಯ ಕಥೆಯನ್ನೆಲ್ಲ ಅವನಿಗೆ ಹೇಳಿದ್ದೆ. ಉಜ್ಜಿ ನುಣುಪು ಮಾಡಿದ ಮೇಲೂ ಆ ಜಾಗ ನೀಲಿ-ಬಿಳಿಯಾಗಿ ಸುಟ್ಟಂತೆ ಉಳಿಯಿತು. ಕೂಲಿ ಎಷ್ಟೆಂದರೆ ಕೈ ಆಡಿಸಿಬಿಟ್ಟ. "ಯಜಮಾನ್ರು ಹುಷಾರಾಗ್ಲಿ ಮೇಡಮ್, ಅಷ್ಟು ಸಾಕು." ಒಳ್ಳೆಯ ಮನುಷ್ಯ. ಇವತ್ತಿಗೂ ಅವನ ಮೇಲೆ ನನಗೆ ಸಿಟ್ಟಿಲ್ಲ.

ಅಲ್ಲಿಂದ ತಳ್ಳಿಕೊಂಡೇ ಹೋದೆ. ಕೈಗೆ ಎಷ್ಟು ಹಗುರ ಅದು! ಶಂಕರಪುರದಲ್ಲಿ ಎರಡು ಇಡ್ಲಿ ತಿಂದು ಕಾಫಿ ಕುಡಿದೆ. ಗಾಂಧಿಬಜಾರಿನಲ್ಲಿ ಒಂದು ಮೊಳ ಮಲ್ಲಿಗೆ ಕೊಂಡು ಹ್ಯಾಂಡಲ್‌ಗೆ ಸುತ್ತಿದೆ. ಹೂವಿನವಳು "ಯಾರ ಸೈಕಲ್ ಅಕ್ಕಾ?" ಎಂದಾಗ, "ನಮ್ಮೋರ್ದು, ನಾಳೆಯಿಂದ ಮತ್ತೆ ಓಡಿಸ್ತಾರೆ" ಎಂದು ಬೀಗಿದೆ. ಈ ಬಿರುಕಿನ ಕಥೆಯನ್ನು ಮನೆಯಲ್ಲಿ ಹೇಗೆ ಹೇಳಬೇಕು, ಎಲ್ಲಿ ನಿಲ್ಲಿಸಿ ಅವರನ್ನು ಹೆದರಿಸಬೇಕು ಎಂದೆಲ್ಲ ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಿದ್ದೆ.

ಶ್ರೀಧರ್ ಕೆಲಸ ಮಾಡುವುದು ಮನೆಯ ಕಾರ್ ಶೆಡ್ಡಿನಲ್ಲಿ. ಹೊಸ ಬೆಲ್ಟನ್ನು ಮೊಳೆಗೆ ನೇತುಹಾಕಿ ಕಾಯುತ್ತಿದ್ದರು. "ಬನ್ನಿ ಅಮ್ಮಾ" ಎಂದು ಸೈಕಲ್ ಕೈಗೆ ತೆಗೆದುಕೊಂಡರು. ಸುಟ್ಟ ಜಾಗದ ಮೇಲೆ ಹೆಬ್ಬೆರಳಾಡಿಸಿದರು.

"ಇದನ್ನ ಯಾರು ಮಾಡಿದ್ದು?"

ಹೇಳಿದೆ. ಅವರು ಅಲ್ಲೇ ಸ್ಟೂಲಿನ ಮೇಲೆ ಕೂತರು.

"ಬೆಲ್ಟಿಗೆ ಚೈನ್ ತರ ಕೊಂಡಿ ಇರಲ್ಲ ಅಮ್ಮಾ, ಬಳೆ ಇದ್ದಂಗೆ. ಒಳಗೆ ಹೋಗ್ಬೇಕಂದ್ರೆ ಫ್ರೇಮೇ ಬಿಚ್ಕೋಬೇಕು. ಅದಕ್ಕೇ ನಾನೇ ಅಲ್ಲಿ ಕುಯ್ದು, ಎರಡು ಬೋಲ್ಟ್ ಹಾಕಿಟ್ಟಿದ್ದೆ."

ನಾನು ಚೀಲದಿಂದ ಮಾತ್ರೆ ಡಬ್ಬಿ ತೆಗೆದು ಚಾಚಿದೆ. ಅವರು ತೆಗೆದುಕೊಳ್ಳಲಿಲ್ಲ.

"ಮತ್ತೆ ಕುಯ್ದ್ರೆ ಆಗಲ್ವಾ?"

ಅವರು ಪುಟ್ಟ ಸುತ್ತಿಗೆಯಿಂದ ಬೆಸುಗೆಯ ಪಕ್ಕ ಒಮ್ಮೆ ತಟ್ಟಿದರು. ಚಟ್ ಎಂದು ಕೊಳವೆಯ ಚೂರೇ ಕಳಚಿ ಬಿತ್ತು. "ಟೈಟಾನಿಯಮ್ಮಿಗೆ ಗಾಳಿ ಸೋಕದ ಹಾಗೆ ಬೆಸುಗೆ ಹಾಕ್ಬೇಕು. ಇಲ್ದಿದ್ರೆ ಹಪ್ಪಳ ಆಗ್ಬಿಡುತ್ತೆ. ಇದರ ಮೇಲೆ ಅವರನ್ನ ಹೇಗೆ ಕೂರಿಸ್ಲಿ? ಹೊಸ ಟ್ಯೂಬ್ ಫಾರಿನ್ನಿಂದ ತರಿಸ್ಬೇಕು, ಹಿಂಭಾಗ ಪೂರ್ತಿ ಮತ್ತೆ ಕಟ್ಬೇಕು. ಎಂಟು ತಿಂಗಳು."

"ಡಾಕ್ಟ್ರು ಆರೇ ತಿಂಗಳು ಅಂದಿದಾರೆ," ಎಂದೆ. ಶ್ರೀಧರ್ ಒಳಗೆ ಹೋಗಿ ನೀರು ತಂದುಕೊಟ್ಟರು.

ಸೈಕಲ್ ಹತ್ತಿಸಿ ವಾಪಸು ಆಟೊ ಮಾಡಿಸಿಕೊಟ್ಟವರೂ ಅವರೇ. ಬಂದ ಬೀದಿಗಳಲ್ಲೇ ಹೋದೆವು. ವೆಲ್ಡಿಂಗ್ ಅಂಗಡಿಯವನು ನನ್ನನ್ನು ಗುರುತಿಸಿ ಕೈ ಎತ್ತಿದ. ನಾನೂ ಎತ್ತಿದೆ.

ನಾಲ್ಕು ಗಂಟೆಗೆ ಮನೆ. ಯಜಮಾನರು ಗೇಟಿನ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಪ್ಯಾಂಟಿನ ಎರಡು ಕಾಲಿಗೂ ರಬ್ಬರ್ ಬ್ಯಾಂಡು, ತಲೆಗೆ ಹೆಲ್ಮೆಟ್ಟು. ಸೈಕಲ್ ಇಳಿಯಿತು. ಅವರು ಕೊಳವೆ ನೋಡಿದರು, ನನ್ನ ಮುಖ ನೋಡಿದರು. ಬೆಳಿಗ್ಗೆ ಶುರು ಮಾಡಿದ್ದ ಮಾತನ್ನು ಮತ್ತೆ ಹಿಡಿದರು. ಈ ಸಲ ನಾನು ಬಾಯಿ ಬಿಡದೆ ನಿಂತೆ.

"ಅಲ್ಲಿ... ನಾನೇ... ಬಿಚ್ಚಿದೀನಿ... ಅಂತ... ಹೇಳು."

ಹೆಲ್ಮೆಟ್ ತೆಗೆದೆ, ರಬ್ಬರ್ ಬ್ಯಾಂಡ್ ಬಿಡಿಸಿದೆ. ತೋಳು ಹಿಡಿದು ಎಬ್ಬಿಸಿದೆ. ನಮ್ಮ ಗೇಟಿನಿಂದ ಬಾಗಿಲಿಗೆ ಹನ್ನೊಂದು ಹೆಜ್ಜೆ. ಅಷ್ಟು ದೂರ ಹೋಗಲು ಅವತ್ತು ನಮಗೆ ಇಪ್ಪತ್ತು ನಿಮಿಷ ಹಿಡಿಯಿತು.