ನೆರೀನಾ ನಡೆಸದೇ ಇದ್ದ ಹೋಟೆಲು

ಸಮುದ್ರದಂಡೆಯ ನಮ್ಮ ಕೋಟೊರ್ ಊರಿನ ಕೋಟೆಯೊಳಗೆ ವರ್ಷಪೂರ್ತಿ ಒಲೆ ಉರಿಯುವ ಮನೆಗಳು ಈಗ ಬಹಳ ಉಳಿದಿಲ್ಲ. ಒಂದು ನನ್ನದು. ಕೆಳಗೆ ಬೂಟು ರಿಪೇರಿಯ ಅಂಗಡಿ, ಮೇಲೆ ಮಲಗುವ ಕೋಣೆ. ಎದುರಿನದು ನೆರೀನಾಳದು. ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು, ಈಗ ಇಬ್ಬರಿಗೂ ಎಪ್ಪತ್ತೊಂದು.

ನೆರೀನಾ ಮೂವತ್ತಾರು ವರ್ಷ ಮನೆ-ಜಮೀನಿನ ದಾಖಲೆ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದಳು. ಯಾರ ಗೋಡೆ ಯಾರ ಹಿತ್ತಿಲಿಗೆ ಎಷ್ಟು ಬೆರಳು ನುಗ್ಗಿದೆ ಎಂಬುದು ಅವಳಿಗೆ ಬಾಯಿಪಾಠ. ಅವಳ ಮೇಜಿನಿಂದ ಒಂದೇ ಸಲಕ್ಕೆ ಕೆಲಸ ಮುಗಿಸಿಕೊಂಡು ಎದ್ದು ಬಂದವರನ್ನು ನಾನು ಕಂಡಿಲ್ಲ. ಒಬ್ಬರಿಗೆ ಮೊಹರು ಇಲ್ಲ, ಇನ್ನೊಬ್ಬರ ಸಹಿ ಗೆರೆ ದಾಟಿದೆ. ನನ್ನ ಅಂಗಡಿಯ ಕಾಗದವನ್ನು ನಾಲ್ಕು ಸಲ ವಾಪಸು ಕಳಿಸಿದಳು. ತನ್ನ ಗಂಡ ಲೂಕ್ಷಾ ತೀರಿಕೊಂಡಾಗ ಮರಣಪತ್ರದಲ್ಲಿ ಹೆಸರು ತಪ್ಪಾಗಿದೆಯೆಂದು ಅದನ್ನೂ ವಾಪಸು ಮಾಡಿದಳು. ಕಾಗದದ ಲೆಕ್ಕದಲ್ಲಿ ಲೂಕ್ಷಾ ಎರಡು ದಿನ ತಡವಾಗಿ ಸತ್ತ ಎಂದು ಊರೆಲ್ಲ ಆಡಿಕೊಂಡಿತು.

ಬೇಸಿಗೆ ಬಂತೆಂದರೆ ನಮ್ಮ ಕೊಲ್ಲಿಗೆ ಬೆಳಗ್ಗೆಯೇ ಗಂಟೆಗೋಪುರಕ್ಕಿಂತ ಎತ್ತರದ ವಿಹಾರದ ಹಡಗು ಬಂದು ನಿಲ್ಲುತ್ತದೆ. ಇಳಿಯುವವರಲ್ಲಿ ಎರಡು ಜಾತಿ. ಗೈಡಿನ ಛತ್ರಿಯ ಹಿಂದೆ ಕುರಿಗಳಂತೆ ನಡೆಯುವವರು ಒಂದು, ಆ ಕುರಿಗಳನ್ನು ಕಂಡರೆ ಮೂಗು ಮುರಿಯುವ ಸ್ವತಂತ್ರರು ಇನ್ನೊಂದು. ಸ್ವತಂತ್ರರು ಊರನ್ನು ತಾವೇ ಕಂಡುಹಿಡಿಯಬೇಕು. ನಾವು ತಲೆತಲಾಂತರದಿಂದ ಇಲ್ಲೇ ಇದ್ದೇವೆ, ಆದರೂ ಅವರು ದಿನಾ ಕಂಡುಹಿಡಿಯುತ್ತಾರೆ. 'ದೊಡ್ಡ ಬೀದಿ ಬಿಡಿ, ಊರಿನವರು ಓಡಾಡುವ ಸಂದಿಗೆ ತಿರುಗಿ' ಎಂದು ಫೋನು ಎಲ್ಲರಿಗೂ ಒಂದೇ ಬುದ್ಧಿ ಹೇಳಿರುವುದರಿಂದ ಸಾವಿರ ಜನ ಒಬ್ಬೊಬ್ಬರೇ ನಮ್ಮ ಸಂದಿಗೆ ತಿರುಗುತ್ತಾರೆ. ದೊಡ್ಡ ಬೀದಿಯಲ್ಲಿ ಬೆಕ್ಕುಗಳು ಕಾಲು ಚಾಚಿಕೊಂಡು ಮಲಗಿರುತ್ತವೆ.

ಹೋದ ವರ್ಷ ಮೇ ತಿಂಗಳಲ್ಲಿ ನೆರೀನಾಳ ಅಂಗಳದ ನಲ್ಲಿ ಸೋರುತ್ತಿತ್ತು. ಅವಳು ಮುಖ ಕಂಡಿರದ ಹೊಸ ರಿಪೇರಿಯವನಿಗೆ ಹೇಳಿ ಕಳಿಸಿ ಮೂರು ವಾರವಾದರೂ ಅವನ ಸುಳಿವಿರಲಿಲ್ಲ. ಒಂದು ಮಧ್ಯಾಹ್ನ ಅವಳು ಅಂಗಳದ ಮೇಜಿನ ಮೇಲೆ ಬೀನ್ಸ್ ಕಾಳಿನ ಪಾತ್ರೆ ಇಳಿಸುತ್ತಿರುವಾಗ ಕೆಂಪು ಟೋಪಿಯ ಉದ್ದನೆಯ ಗಂಡಸೊಬ್ಬ ತೆರೆದ ಬಾಗಿಲಿನಿಂದ ಒಳಗೆ ಬಂದ.

"ಈಗ ಬಂದ್ಯಾ? ಮೂರು ವಾರದಿಂದ ಎಲ್ಲಿ ಸತ್ತಿದ್ದೆ? ನಲ್ಲಿ ಅಲ್ಲಿದೆ, ನೋಡು" ಎಂದಳು ನೆರೀನಾ.

ಅವನಿಗೆ ನಮ್ಮ ಮಾತು ಬಾರದು. ಅವಳ ಬೆರಳು ಹೋದ ಕಡೆ ಹೋಗಿ, ಬಗ್ಗಿ, ತೊಟ್ಟಿಕ್ಕುವ ನೀರನ್ನು ಭಕ್ತಿಯಿಂದ ನೋಡಿದ. ಫೋಟೋ ತೆಗೆದ. ಬಂದು ಮೇಜಿಗೆ ಕೂತ. ಊಟದ ಹೊತ್ತಿಗೆ ಬಂದ ಕೆಲಸದವನಿಗೆ ಬಡಿಸದೆ ಇರುವುದು ನಮ್ಮಲ್ಲಿ ಇಲ್ಲ. ನೆರೀನಾ ಗೊಣಗಿಕೊಂಡೇ ಹಂದಿಯ ಎಲುಬು ಹಾಕಿ ಬೇಯಿಸಿದ ಕಾಳು ಬಡಿಸಿದಳು, ಒಂದು ಲೋಟ ವೈನೂ ಕೊಟ್ಟಳು. ಅವನು ತಟ್ಟೆ ಒರೆಸಿ ತಿಂದು, ತಟ್ಟೆಯ ಕೆಳಗೆ ನೋಟು ಇಟ್ಟು ಎದ್ದು ಹೊರಟೇಬಿಟ್ಟ.

ನನ್ನ ಅಂಗಡಿಯ ಮುಂದೆ ಅವಳು ಅವನನ್ನು ಹಿಡಿದಳು. ನೋಟನ್ನು ಅವನ ಜೇಬಿಗೆ ತುರುಕಿ, "ನಿನ್ನ ದುಡ್ಡು ಯಾವನಿಗೆ ಬೇಕಾಗಿತ್ತೋ ಬಡ್ಡೀಮಗನೆ? ತಿಂದ್ಯಲ್ಲ, ನಲ್ಲಿ ಯಾರು, ನಿಮ್ಮಪ್ಪ ರಿಪೇರಿ ಮಾಡ್ತಾನಾ?" ಎಂದು ಕೂಗಿದಳು.

ಅವನ ಕಣ್ಣು ಒದ್ದೆಯಾಯಿತು. ಅವಳನ್ನು ತಬ್ಬಿಕೊಂಡು ಹಡಗಿನ ಕಡೆ ನಡೆದ.

"ಯಾರೇ ಅವನು?" ಎಂದೆ.

"ನಲ್ಲಿ ರಿಪೇರಿಯವನು. ಕುಡಿದಿದ್ದಾನೆ ಅಂತ ಕಾಣುತ್ತೆ" ಎಂದಳು.

ಮುಂದಿನ ಹಡಗು ಬಂದ ದಿನ ಅವಳ ಅಂಗಳದಲ್ಲಿ ಹನ್ನೊಂದು ಜನ ಸಾಲಾಗಿ ನಿಂತು ಒಬ್ಬೊಬ್ಬರಾಗಿ ನಲ್ಲಿ ನೋಡುತ್ತಿದ್ದರು. ಕಾರಣ ನನಗೆ ತಿಳಿದದ್ದು ಕಿತ್ತುಹೋದ ಅಟ್ಟೆ ಅಂಟಿಸಿಕೊಳ್ಳಲು ಬಂದ ಒಬ್ಬಳ ಫೋನಿನಿಂದ. ಕೆಂಪು ಟೋಪಿಯವನು ಬರೆದಿದ್ದ: 'ಬೋರ್ಡಿಲ್ಲ, ತಿಂಡಿಪಟ್ಟಿಯಿಲ್ಲ, ಪ್ರವಾಸಿಗರಿಗೆ ಗೊತ್ತೇ ಇಲ್ಲ. ಮೊದಲು ನಲ್ಲಿಗೆ ನಮಸ್ಕರಿಸಬೇಕು, ಅದು ಇಲ್ಲಿಯ ಪುರಾತನ ಸಂಪ್ರದಾಯ. ಯಜಮಾನಿ ಹಣ ಮುಟ್ಟುವುದಿಲ್ಲ, ಬೀದಿಯವರೆಗೂ ಬಂದು ಆಶೀರ್ವದಿಸುತ್ತಾಳೆ. ದಯವಿಟ್ಟು ಯಾರಿಗೂ ಹೇಳಬೇಡಿ.' ಅದನ್ನು ನಲವತ್ತು ಸಾವಿರ ಜನ ಓದಿದ್ದರು.

ನೆರೀನಾ ಬಾಗಿಲು ಹಾಕಿ ಅಗುಳಿ ಜಡಿದಳು. ಮುಚ್ಚಿದ ಬಾಗಿಲು ತೆರೆದ ಬಾಗಿಲಿಗಿಂತ ಅಸಲಿ ಎಂದು ಅವರಿಗೆ ಇನ್ನೂ ಖುಷಿಯಾಯಿತು. ಕಿಟಕಿಯಿಂದ ಬೈದಳು, ಬೈಗುಳವನ್ನು ರೆಕಾರ್ಡು ಮಾಡಿಕೊಂಡರು. ಬಟ್ಟೆ ಒಣಹಾಕಿದಳು, ಲೂಕ್ಷಾನ ಹಳೆಯ ಚಡ್ಡಿಯ ಫೋಟೋ ಮೂರು ಖಂಡಗಳಿಗೆ ಹೋಯಿತು. ಸಾಕಾಗಿ ಮತ್ತೆ ಬಾಗಿಲು ತೆರೆದಳು.

ಬಂದವರಲ್ಲಿ ಒಬ್ಬಳು ಮಾತ್ರ ಕೆಲಸ ಬಲ್ಲವಳು. ಎಲ್ಲೋ ಎಂಜಿನ್ ಕೋಣೆಯಲ್ಲಿ ದುಡಿದು ನಿವೃತ್ತಳಾದ ನಾರ್ವೆಯ ಹೆಂಗಸು. ನಲ್ಲಿ ನೋಡಿದಳು, ತಲೆ ಕೊಡವಿದಳು, ನನ್ನ ಅಂಗಡಿಗೆ ಬಂದು ಅಟ್ಟೆಯ ರಬ್ಬರಿನಲ್ಲಿ ಉಂಗುರ ಕತ್ತರಿಸಿಕೊಂಡು ಹೋಗಿ ಹತ್ತು ನಿಮಿಷದಲ್ಲಿ ಸೋರುವುದನ್ನು ನಿಲ್ಲಿಸಿದಳು. ಅಂದಿನ ಸಂಜೆಯೇ ಯಾರೋ ಬರೆದರು: 'ಹೋಗಬೇಡಿ. ಎಲ್ಲ ಹೊಸದು ಮಾಡಿಬಿಟ್ಟಿದ್ದಾರೆ. ಆತ್ಮ ಹೋಯಿತು.' ಹಾಗೆಂದು ಬರುವವರು ಕಡಿಮೆಯಾಗಲಿಲ್ಲ. ಆತ್ಮ ಹೋದದ್ದನ್ನು ನೋಡಲು ಬಂದರು.

ಜೂನಿನಲ್ಲಿ ರಾತಿಮೀರ್ ಎಂಬ ಎಳೆಯ ಇನ್‌ಸ್ಪೆಕ್ಟರ್ ಬಂದ. ಪರವಾನಗಿ ಇಲ್ಲದೆ ಹೋಟೆಲು ನಡೆಸುತ್ತಿರುವ ಬಗ್ಗೆ ದೂರು.

"ಶ್ಯೋರಾ ನೆರೀನಾ, ಬೇಜಾರು ಮಾಡ್ಕೋಬೇಡಿ, ಹೋಟೆಲು ಮುಚ್ಚಬೇಕು." ದೊಡ್ಡ ಹೆಂಗಸರನ್ನು ನಮ್ಮ ಕಡೆ ಹಾಗೆಯೇ ಶ್ಯೋರಾ ಎಂದು ಕರೆಯುವುದು.

"ತೆರೆದೇ ಇಲ್ಲದ್ದನ್ನ ಹೇಗಪ್ಪಾ ಮುಚ್ಚೋದು?"

"ನಲವತ್ತು ಸಾವಿರ ಜನ ಓದಿದ್ದಾರಲ್ಲ ಶ್ಯೋರಾ."

"ಓದಿದವರಿಗೆ ನೋಟೀಸು ಕೊಡು. ಎಲ್ಲಿ, ನಿನ್ನ ಕಾಗದ ತೋರಿಸು."

ಅವನು ಕೊಟ್ಟ. ಅವಳು ಕನ್ನಡಕ ಹಾಕಿಕೊಂಡಳು. ಅಂಥ ಸಂತೋಷವನ್ನು ಅವಳ ಮುಖದಲ್ಲಿ ನಿವೃತ್ತಿಯಾದ ಮೇಲೆ ನಾನು ಕಂಡದ್ದು ಅದೇ ಮೊದಲು. "ಮನೆ ನಂಬರು ಹಳೇದು. ಎರಡನೇ ಪುಟಕ್ಕೆ ಮೊಹರಿಲ್ಲ. ಹೋಗಿ ಮಾಡಿಸ್ಕೊಂಡು ಬಾ."

ಎರಡನೇ ಸಲ ಬಂದಾಗ ತಾರೀಖು ತಪ್ಪಿತ್ತು. ಮೂರನೇ ಸಲ ಎಲ್ಲ ಸರಿಯಿತ್ತು, ಆದರೆ ಅವನು ಹಸಿದಿದ್ದ. ಅವಳು ಬಡಿಸಿದಳು, ಅವನು ತಿಂದ.

"ದುಡ್ಡು ಕೊಡ್ತೀಯಾ?" ಎಂದು ಕೇಳಿದಳು.

"ನಿಮ್ಮ ಮನೇಲಿ ಉಂಡು ದುಡ್ಡು ಕೊಡೋದಾ ಶ್ಯೋರಾ?"

"ಹಾಗಾದರೆ ಅದನ್ನೇ ಬರಿ. ಇನ್‌ಸ್ಪೆಕ್ಟರ್ ಉಂಡರು, ದುಡ್ಡು ಕೊಡಲಿಲ್ಲ, ಆದ್ದರಿಂದ ಹೋಟೆಲಲ್ಲ."

ಅವನು ಬರೆದ, ಸಹಿ ಹಾಕಿದ. ಗೆರೆಯೊಳಗೇ ಹಾಕಿದ.

ಸರ್ಕಾರದಿಂದ ಬಿಡುಗಡೆಯಾಯಿತು, ಸ್ವತಂತ್ರರಿಂದ ಆಗಲಿಲ್ಲ. ಕೊನೆಗೆ ಉಪಾಯ ಹೊಳೆದದ್ದು ನನಗೆ ಎಂದು ನಾನು ಹೇಳುತ್ತೇನೆ, ತನಗೆ ಎಂದು ಅವಳು ಹೇಳುತ್ತಾಳೆ. ಆರು ಭಾಷೆಯಲ್ಲಿ ದೊಡ್ಡ ಹಳದಿ ಬೋರ್ಡು ಬರೆಸಿ ಬಾಗಿಲಿಗೆ ತೂಗುಹಾಕಿದೆವು: 'ಪ್ರವಾಸಿಗರಿಗೆ ಸ್ವಾಗತ! ಗುಂಪುಗಳಿಗೆ ವಿಶೇಷ ವ್ಯವಸ್ಥೆ!' ಪಕ್ಕದಲ್ಲಿ ಪಿಜ್ಜಾದ ಬಣ್ಣದ ಚಿತ್ರ.

ಮಂತ್ರ ಹಾಕಿದ ಹಾಗಾಯಿತು. ಸ್ವತಂತ್ರರು ಸಂದಿಯ ತಿರುವಿನಲ್ಲಿ ಬೋರ್ಡು ಕಂಡ ಕೂಡಲೇ ಕೊಳೆತ ಮೀನು ಮೂಸಿದವರ ಹಾಗೆ ಮುಖ ಮಾಡಿ ವಾಪಸಾದರು. ಪ್ರವಾಸಿಗನಿಗೆ ಪ್ರವಾಸಿಗನನ್ನು ಕಂಡರೆ ಆಗುವಷ್ಟು ಅಸಹ್ಯ ನಮಗೂ ಆಗುವುದಿಲ್ಲ. ನೆರೀನಾ ಆರು ದಿನ ಅಂಗಳದಲ್ಲಿ ಕೂತು ನೆಮ್ಮದಿಯಾಗಿ ಸೊಪ್ಪು ಬಿಡಿಸಿದಳು.

ಏಳನೆಯ ದಿನ ಬಾಗಿಲಿನಲ್ಲಿ ನೀಲಿ ಛತ್ರಿ ಕಾಣಿಸಿತು. ಗೈಡ್ ಯಾಸ್ನಾ, ನಮ್ಮ ಬ್ರೆಡ್ಡಿನ ಅಂಗಡಿಯವನ ಮಗಳು. ಹಿಂದೆ ಮೂವತ್ತೆಂಟು ಜನ ಮುದುಕ ಮುದುಕಿಯರು, ಬೋರ್ಡಿನ ಮಾತು ನಂಬಿಕೊಂಡು ಬಂದವರು.

"ಬೋರ್ಡು ಸುಳ್ಳು ಕಣೇ ಯಾಸ್ನಾ. ಕರ್ಕೊಂಡು ಹೋಗು" ಎಂದಳು ನೆರೀನಾ.

"ಗೊತ್ತು ಶ್ಯೋರಾ. ಊಟ ಯಾರಿಗೂ ಬೇಡ. ಇವರಿಗೆ ಕಾಲು ನೋವು. ಹದಿನೈದು ನಿಮಿಷ ನೆರಳಲ್ಲಿ ಕೂತ್ಕೊಳ್ತಾರೆ, ಅಷ್ಟೇ. ನನ್ನ ಛತ್ರಿ ನಿಮ್ಮ ಬಾಗಿಲಲ್ಲಿ ನಿಂತಿದ್ದರೆ ಆ ಫೋನಿನವರು ಈ ಕಡೆ ತಲೆ ಹಾಕಿ ಮಲಗೋದಿಲ್ಲ."

ನೆರೀನಾ ಹೊಸ್ತಿಲಾಚೆ ನೋಡಿದಳು. ಕುರಿಗಳು ಬಿಸಿಲಿನಲ್ಲಿ ಸುಮ್ಮನೆ ನಿಂತಿದ್ದವು. ಒಳಗೆ ಕಾಲಿಡಲು ಒಪ್ಪಿಗೆಗೆ ಕಾಯುತ್ತಿದ್ದವು. ಆ ಬೇಸಿಗೆಯಲ್ಲಿ ಅವಳ ಒಪ್ಪಿಗೆ ಕೇಳಿದವರು ಅವರೇ ಮೊದಲು.

"ಬರಲಿ. ನಲ್ಲಿ ಮುಟ್ಟಕೂಡದು" ಎಂದಳು.

ಹೀಗೆ ಹಡಗು ಬಂದ ದಿನವೆಲ್ಲ ಹದಿನೈದು ನಿಮಿಷದ ವ್ಯವಸ್ಥೆ ಕುದುರಿತು. ಸುಮ್ಮನೆ ಕೂತವರ ಎದುರು ಸುಮ್ಮನಿರುವುದು ನೆರೀನಾಳಿಗೆ ಆಗದ ಕೆಲಸ. ಸೌಟು ಹಿಡಿದು ಸುತ್ತಲಿನ ಮನೆಗಳ ಚರಿತ್ರೆ ಹೇಳತೊಡಗಿದಳು.

"ಆ ಕಮಾನಿನ ಕಿಟಕಿ ನೋಡಿ. ಆ ಮನೆಯ ನಿಕ್ಷಾ ಸುಳ್ಳು ಸಹಿ ಮಾಡಿ ಅಕ್ಕನ ಪಾಲು ನುಂಗಿದ. ಆ ಕಾಗದ ನಾನೇ ನೋಡಿದ್ದೀನಿ."

"ಆ ಕಿಟಕಿ ವೆನಿಸ್ ಕಾಲದ ಕುಸುರಿ ಕೆಲಸ" ಎಂದು ಯಾಸ್ನಾ ಇಂಗ್ಲಿಷಿಗೆ ತಿರುಗಿಸಿದಳು. ಕೂತವರು ತಲೆಯಾಡಿಸಿದರು. ಅವರಿಗೂ ಸಮಾಧಾನ, ನೆರೀನಾಳಿಗೂ ಸಮಾಧಾನ.

ಒಂದು ದಿನ ಮೆಟ್ಟಿಲ ಮೇಲೆ ಕೂತ ಒಬ್ಬ ಮುದುಕಿ ಮಾತ್ರ ತಲೆಯಾಡಿಸಲಿಲ್ಲ. ಅವಳು ಸಮುದ್ರದಾಚೆಯ ತ್ರಿಯೆಸ್ತೆ ಊರಿನವಳು, ತಾಯಿ ನಮ್ಮ ಕರಾವಳಿಯವಳು. ಹಳೆಯ ಕಾಲದ ನಮ್ಮ ಮಾತಿನಲ್ಲಿ ಮೆಲ್ಲಗೆ ಕೇಳಿದಳು, "ಅಕ್ಕ ಸುಮ್ಮನೆ ಬಿಟ್ಟಳಾ?"

ನೆರೀನಾ ಸೌಟು ಕೆಳಗಿಟ್ಟಳು.

"ಬಿಡೋದಾ? ಹನ್ನೆರಡು ವರ್ಷ ಕೋರ್ಟಿಗೆ ಅಲೆದಳು. ಕೊನೆಗೆ ಅಡುಗೆಮನೆ ಅವಳ ಪಾಲಿಗೆ ಬಂತು. ಅದಾದ ಮೇಲೆ ನಿಕ್ಷಾ ಸಾಯೋವರೆಗೂ ಅವಳ ಅಪ್ಪಣೆ ಇಲ್ಲದೆ ಒಂದು ಮೊಟ್ಟೆ ಬೇಯಿಸ್ಕೊಳ್ಳೋಕೆ ಆಗಲಿಲ್ಲ."

"ನಮ್ಮ ಮನೇಲೂ ಒಬ್ಬ ತಮ್ಮ ಇದ್ದಾನೆ" ಎಂದಳು ಮುದುಕಿ.

ನೆರೀನಾ ಒಳಗಿನಿಂದ ಕುರ್ಚಿ ತಂದು ಅವಳ ಪಕ್ಕಕ್ಕೆ ಹಾಕಿಕೊಂಡು ಕೂತಳು. "ಕಾಗದ ಯಾರ ಹೆಸರಲ್ಲಿದೆ? ಮೊದಲು ಅದನ್ನ ಹೇಳಿ."

ಹಡಗು ಒಂದು ಸಲ ಕೂಗಿತು. ಛತ್ರಿ ಎದ್ದಿತು, ಕುರಿಗಳೂ ಎದ್ದವು. ಯಾಸ್ನಾ ಬಂದು ಎರಡು ಸಲ ಕರೆದಳು. ಮುದುಕಿ ಕೈಯೆತ್ತಿ ಅವಳನ್ನು ಸುಮ್ಮನಾಗಿಸಿ, ಕೈಚೀಲದಲ್ಲಿ ಪೆನ್ನು ಹುಡುಕತೊಡಗಿದಳು.