ಸುಲೋಚನೆಯ ಚೆಂಡು, ನನ್ನ ಹಿಮ್ಮಡಿ

ಹಿಮ್ಮಡಿ ನೋವಿಗೆ ಮದ್ದೆಂದು ದಿನಾ ಬೆಳಗ್ಗೆ ಒಂದು ಗಾಲ್ಫ್ ಚೆಂಡನ್ನು ಪಾದದಡಿಗಿಟ್ಟು ಉರುಳಿಸುತ್ತೇನೆ. ವೈದ್ಯರು ಹೇಳಿದ್ದಕ್ಕಿಂತ ತುಸು ಬಲವಾಗಿಯೇ ಒತ್ತುತ್ತೇನೆ, ಏಕೆಂದರೆ ಅದು ಭಾಲ್ಕಿಯ ಸುಲೋಚನೆ ಕೊಟ್ಟ ಚೆಂಡು. ಅವಳು, ಔರಾದಿನ ರತ್ನಮ್ಮ, ನಾನು, ಮೂವರೂ ಬೀದರಿನಲ್ಲಿ ನರ್ಸುಗಳಾಗಿ ದುಡಿದು ನಿವೃತ್ತರಾದವರು. ಗೆಳತಿಯ ಮೇಲೆ ಹೊಟ್ಟೆಕಿಚ್ಚೇ ಎಂದು ಮೂಗಿನ ಮೇಲೆ ಬೆರಳಿಡಬೇಡಿ. ಗುರುತಿಲ್ಲದವರ ಮೇಲೆ ಹೊಟ್ಟೆ ಉರಿಸಿಕೊಳ್ಳುವಷ್ಟು ಪುರುಸೊತ್ತು ಯಾರಿಗಿದೆ?

ಸುಲೋಚನೆಯ ಮೊಮ್ಮಗಳು ಪುಣೆಯಲ್ಲಿ ಗಾಲ್ಫ್ ಆಡುತ್ತಾಳೆ, ಚೆಂಡು ಅವಳದೇ. ರಜೆಗೆ ಬಂದಾಗ ಆ ಆಟದ ಚರಿತ್ರೆಯನ್ನೂ ಹೇಳಿದಳು. ಹಣಕ್ಕಲ್ಲದೆ ಹವ್ಯಾಸಕ್ಕೆ ಆಡುವ ಹೆಂಗಸರಿಗೂ ದೇಶದೇಶಗಳ ನಡುವೆ ತಂಡದ ಪಂದ್ಯಾವಳಿಯೊಂದಿದೆಯಂತೆ. ಗಂಡಸರಿಗೆ ಅದು ಮೊದಲೇ ಇತ್ತು. ಹೆಂಗಸರ ಸರದಿ ಬಂದದ್ದು ಕೆಲವು ವರ್ಷ ತಡವಾಗಿ, ಅರುವತ್ತರ ದಶಕದಲ್ಲಿ. ಮೊದಲ ಕಪ್ ಫ್ರಾನ್ಸಿನವರಿಗೆ, ಆಮೇಲೆ ಬಹುಕಾಲ ಹೆಚ್ಚಾಗಿ ಅಮೆರಿಕದವರಿಗೆ, ಬರಬರುತ್ತ ಬೇರೆಯವರಿಗೂ. ಇಷ್ಟರವರೆಗೆ ಹಿತವಾಗಿಯೇ ಇತ್ತು. ದೇಶಕ್ಕೆ ಮೂವರು ಆಡುತ್ತಾರೆ, ಆದರೆ ಆಯಾ ದಿನ ಚೆನ್ನಾಗಿ ಆಡಿದ ಇಬ್ಬರ ಅಂಕವನ್ನಷ್ಟೇ ಹಿಡಿಯುತ್ತಾರೆ ಎಂದಾಗ ನನಗೆ ಚುರ್ ಎಂದಿತು. ಬಿಸಿಲಲ್ಲಿ ದಿನವೆಲ್ಲ ನಡೆದ ಮೂರನೆಯವಳು ಆಟಕ್ಕುಂಟು, ಲೆಕ್ಕಕ್ಕಿಲ್ಲ.

“ದಿನಾ ಒಬ್ಬಾಕಿನ್ನೇ ಬಿಡಂಗಿಲ್ರಿ ಅಜ್ಜಿ. ಇವತ್ತ ಬಿಟ್ಟಾಕಿ ನಾಳೆ ಬೇಕಾಗ್ತಾಳ,” ಎಂದಳು ಹುಡುಗಿ. ನಾನು ನಂಬಲಿಲ್ಲ.

ನಂಬದಿರಲು ಕಾರಣವಿತ್ತು. ನಮ್ಮ ಚರ್ಚಿನ ಸುಗ್ಗಿ ಹಬ್ಬಕ್ಕೆ ಜೋಳದ ರೊಟ್ಟಿ ಬಡಿಯುವವರು ನಾವು ಮೂವರೇ. ಪಾಸ್ಟರಮ್ಮ ಮೂವರ ರೊಟ್ಟಿ ಅಟ್ಟಿಗಳನ್ನೂ ಮುಟ್ಟಿ ನೋಡಿ, ತೆಳುವಾದ ಎರಡನ್ನು ಅತಿಥಿಗಳ ಪಂಗತಿಗೆ, ಉಳಿದದ್ದನ್ನು ಹಿತ್ತಲಲ್ಲಿ ಪಾತ್ರೆ ತೊಳೆಯುವ ಹೆಣ್ಣುಮಕ್ಕಳಿಗೆ ಕಳಿಸುತ್ತಾರೆ. ರೊಟ್ಟಿ ಹೋದಲ್ಲಿಗೆ ಬಡಿದವಳೂ ಹೋಗಿ ಬಡಿಸಬೇಕೆಂಬುದು ಪದ್ಧತಿ. ಸುಲೋಚನೆಯ ರೊಟ್ಟಿ ಹಪ್ಪಳದಷ್ಟು ತೆಳು, ನನ್ನದು ದಪ್ಪ. ಹಾಗಾಗಿ ಹಿತ್ತಲು ನನಗೆ ಖಾಯಂ. ಒಮ್ಮೆಯಾದರೂ ಅವಳನ್ನು ಹಿತ್ತಲಿಗೆ ಕಳಿಸಿ ನಾನು ಪಂಗತಿಯಲ್ಲಿ ಬಡಿಸಬೇಕೆಂಬುದೊಂದೇ ನನ್ನ ಆಸೆಯಾಗಿತ್ತು.

ಈ ಸಲ ಅದು ಕೈಗೂಡಿತು. ಸುಲೋಚನೆ ಎಂದೋ ಬೀಸಿಸಿಟ್ಟ ಹಳೇ ಹಿಟ್ಟು ತಂದಿದ್ದಳು. ಜಿಗಿ ಹೋದ ಹಿಟ್ಟಿನ ರೊಟ್ಟಿಗಳು ಹಂಚಿನ ಮೇಲೆ ಸೀಳಿ ಅಂಚು ಹರಿದವು. ಪಾಸ್ಟರಮ್ಮ ರತ್ನಮ್ಮನದರ ಜೊತೆ ನನ್ನ ಅಟ್ಟಿಯನ್ನು ಎತ್ತಿಕೊಂಡರು. ಸೆರಗು ಸರಿಪಡಿಸಿಕೊಂಡು ಬೀಗುತ್ತಾ ಪಂಗತಿಗೆ ಹೋದೆ. ಅತಿಥಿಗಳು ಮುರಿದರು, ಅರ್ಧ ತಿಂದರು, “ಸಾಕ್ರಿ” ಎಂದು ಎಲೆಯ ಮೇಲೆ ಕೈ ಅಡ್ಡ ಹಿಡಿದರು.

ಹಿತ್ತಲಿನಿಂದ ನಗು ಕೇಳಿ ಇಣುಕಿದೆ. ಸುಲೋಚನೆ ಆ ಹೆಣ್ಣುಮಕ್ಕಳ ನಡುವೆ ನೆಲಕ್ಕೆ ಕೂತು, ನಾನು ಪ್ರತಿವರ್ಷ ಕೂರುವ ಹುಣಸೆಮರದ ಬುಡದಲ್ಲೇ ಕೂತು, ಹರಿದ ರೊಟ್ಟಿಯನ್ನು ಪುಂಡಿಪಲ್ಯದಲ್ಲಿ ಅದ್ದಿ ತಿನ್ನುತ್ತಿದ್ದಳು.

“ನೀವ್ ಯಾಕ್ರಿ ಅಕ್ಕಾರ ಈ ಸಲ ನಮ್ಮ ಕಡಿ ಬರ್ಲಿಲ್ಲ? ನಿಮ್ಮ ದಪ್ಪ ರೊಟ್ಟಿ ಇದ್ರ ಹೊಟ್ಟಿ ತುಂಬತಿತ್ರಿ,” ಎಂದಳೊಬ್ಬಳು.

“ಬಾರೇ, ನಿನ್ನ ಮಾತೇ ನಡದದ,” ಎಂದಳು ಸುಲೋಚನೆ.

ಹೋಗುವಂತಿರಲಿಲ್ಲ, ಪಂಗತಿ ಮುಗಿದಿರಲಿಲ್ಲ. ಪಾತ್ರೆ ಹಿಡಿದು ನಿಂತಲ್ಲೇ ಹೊಟ್ಟೆ ಉರಿದುಹೋಯಿತು. ಹಿತ್ತಲಲ್ಲಿ ನನಗೂ ಒಂದು ಲೆಕ್ಕವಿತ್ತೆಂದು ತಿಳಿಯುವಷ್ಟರಲ್ಲಿ ಅದನ್ನೂ ಅವಳೇ ಹೊಡೆದುಕೊಂಡಿದ್ದಳು!

ಇವತ್ತು ಬೆಳಗ್ಗೆ ಚೆಂಡನ್ನು ಎಂದಿಗಿಂತ ಜೋರಾಗಿಯೇ ಒತ್ತಿದ್ದೇನೆ. ಮುಂದಿನ ಸುಗ್ಗಿಗೆ ಗಾಂಧಿ ಗಂಜಿನ ಪೇಟೆಯಿಂದ ಹೊಸ ಜೋಳ ತಂದು, ನಾನೇ ಬೀಸಿಸಿ ಸುಲೋಚನೆಗೆ ಕೊಡುವವಳಿದ್ದೇನೆ. ಪ್ರೀತಿಯಿಂದ ಅಂದುಕೊಳ್ಳಬೇಡಿ, ನನ್ನ ಹಿತ್ತಲು ನನಗೆ ಬೇಕು.