ರೇಸ್ ಕೊಟ್ಟರೆ ಹೋಗುವ ಮಿಸ್ಸಿಂಗ್

ನಮ್ಮವರು ಗಾಡಿ ರಿಪೇರಿ ಮಾಡುತ್ತಿದ್ದರು. ದೊಡ್ಡ ರಸ್ತೆಯ ತಿರುವಿನಲ್ಲಿ ತಗಡಿನ ಶೆಡ್ಡು. ಎಲ್ಲರೂ ಅವರನ್ನು ಕಿವಿಯಣ್ಣ ಅನ್ನುತ್ತಿದ್ದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು ಕಣ್ಣು ಮುಚ್ಚುತ್ತಿದ್ದರು. ಒಳಗೆ ಏನು ಕೆಟ್ಟಿದೆ ಅಂತ ಬಿಚ್ಚುವ ಮೊದಲೇ ಹೇಳುತ್ತಿದ್ದರು. ಹೆಚ್ಚು ಸಲ ಸರಿಯಿರುತ್ತಿತ್ತು. ತಪ್ಪಿದರೆ ಗಾಡಿಯನ್ನೇ ಬೈಯುತ್ತಿದ್ದರು.

ನಾನು ಓದಿದ್ದು ಕಡಿಮೆ. ಅವರು ಹೋದ ಮೇಲೆ ಮನೆಗೆ ಬಂದವರೆಲ್ಲ ಹಣೆಬರಹ ಅಂದು ಹೋಗುತ್ತಾರೆ. ಹಣೆಬರಹ ಅಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಮದುವೆಯಾದಾಗಲೇ ಸಿಗರೇಟು ಸೇದುತ್ತಿದ್ದರು. ಮನೆಯೊಳಗೆ ಸೇದಲು ನಾನು ಬಿಡುತ್ತಿರಲಿಲ್ಲ. ಮೆಟ್ಟಿಲ ಮೇಲೆ ಕೂತು ಸೇದಿ, ತುಂಡನ್ನು ಚಪ್ಪಲಿಯಲ್ಲಿ ಹೊಸಕಿ ಒಳಗೆ ಬರುತ್ತಿದ್ದರು. ಕೆಮ್ಮು ಜಾಸ್ತಿಯಾದಾಗ ನನ್ನ ಮೈದುನ ಪೆನ್ನಿನಂಥದ್ದೊಂದು ತಂದುಕೊಟ್ಟ. ವೇಪ್ ಅಂದ.

“ಅಣ್ಣಾ, ಇದರಲ್ಲಿ ಬೆಂಕಿ ಇಲ್ಲ, ಬೂದಿ ಇಲ್ಲ. ಬರೀ ಆವಿ. ಅತ್ತಿಗೆ, ನೀವೇ ಮೂಸಿ ನೋಡಿ, ಹಣ್ಣಿನ ವಾಸನೆ.”

“ಹಣ್ಣಿನ ವಾಸನೆ ಬೇಕಿದ್ರೆ ಹಣ್ಣೇ ತರಬಾರದಿತ್ತಾ?” ಅಂದೆ.

ಇವರಿಗೆ ಮಾತ್ರ ಹಿಡಿಸಿಬಿಟ್ಟಿತು. “ಹೊಗೆ ಇಲ್ಲ ಅಂದ್ರೆ ಕಾರ್ಬನ್ ಇಲ್ಲ. ಕಾರ್ಬನ್ ಕಟ್ಟದಿದ್ರೆ ಇಂಜಿನ್ ಯಾಕೆ ಕೆಡುತ್ತೆ?” ಅಂದರು. ಗಾಡಿಯ ಲೆಕ್ಕವನ್ನೇ ಮೈಗೂ ಹಾಕಿದರು.

ನಾನು ಅದನ್ನು ಪೀಪಿ ಅನ್ನುತ್ತಿದ್ದೆ. ಸಿಗರೇಟಾದರೆ ಸುಟ್ಟು ಮುಗಿಯುತ್ತಿತ್ತು. ಪೀಪಿ ಮುಗಿಯುತ್ತಿರಲಿಲ್ಲ. ಹೊಗೆ ನಾತ ಇಲ್ಲವಲ್ಲ, ಮನೆಯೊಳಗೆ ಬಂತು. ಹಾಸಿಗೆಗೂ ಬಂತು. ಬಚ್ಚಲಲ್ಲಿ, ನಾನು ತಟ್ಟೆಗೆ ಬಡಿಸುವಷ್ಟರಲ್ಲಿ, ಗಾಡಿಯ ಕೆಳಗೆ ಮಲಗಿದ್ದಾಗ, ಬಾಯಲ್ಲಿ ಅದೇ. ಶೆಡ್ಡಿನಲ್ಲಿ ಟೀ ಜೊತೆ ಸಿಗರೇಟೂ ನಡೆಯುತ್ತಲೇ ಇತ್ತು ಅಂತ ಆಮೇಲೆ ಗೊತ್ತಾಯಿತು. ಒಂದನ್ನು ಬಿಡಿಸಲು ಇನ್ನೊಂದು ಬಂತು, ಎರಡೂ ಉಳಿದುಕೊಂಡವು.

ಒಂದು ಭಾನುವಾರ ಊಟಕ್ಕೆ ಕೂತಿದ್ದವರು ತುತ್ತು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದರು.

“ಏನ್ರೀ?”

“ಏನಿಲ್ಲ. ಒಂದು ಮಿಸ್ಸಿಂಗ್ ಹೊಡೀತು.”

ಓಡುವ ಇಂಜಿನ್ನು ನಡುವೆ ಒಂದು ಹೊಡೆತ ತಪ್ಪಿಸಿದರೆ ಮೆಕ್ಯಾನಿಕ್ಕುಗಳು ಹಾಗೆನ್ನುತ್ತಾರೆ. ಇವರು ಎದೆ ತಟ್ಟಿಕೊಂಡು ನಕ್ಕರು. “ಹಳೇ ಗಾಡಿ ಕಣೇ. ನೀನು ಓಡಿಸಿ ಓಡಿಸಿ ಹೀಗಾಗಿದೆ.”

ನನಗೆ ನಗು ಬರಲಿಲ್ಲ. ಮಧ್ಯಾಹ್ನ ಮಲಗಿದ್ದಾಗ ಅವರ ಎದೆಗೆ ಕಿವಿ ಇಟ್ಟೆ. ಹೊಡೆಯಿತು, ಹೊಡೆಯಿತು, ನಿಂತಿತು. ನಾನು ಉಸಿರು ಹಿಡಿದೆ. ಆಮೇಲೆ ಒಳಗಿನಿಂದ ಯಾರೋ ಬಾಗಿಲು ಗುದ್ದಿದ ಹಾಗೆ ಒಂದು ದೊಡ್ಡ ಹೊಡೆತ. ಸ್ವಲ್ಪ ಹೊತ್ತು ಸರಿಯಾಗಿ ನಡೆಯಿತು. ಮತ್ತೆ ನಿಂತಿತು.

ಅಲ್ಲಾಡಿಸಿ ಎಬ್ಬಿಸಿದೆ. “ಏಳಿ, ಆಸ್ಪತ್ರೆಗೆ ಹೋಗೋಣ.”

ದಿಂಬಿನ ಕೆಳಗಿಂದ ಪೀಪಿ ತೆಗೆದು ಗಟ್ಟಿಯಾಗಿ ಎಳೆದರು. “ಈಗ ಕೇಳು.”

ಕೇಳಿದೆ. ನಾಯಿ ಅಟ್ಟಿಸಿಕೊಂಡು ಬಂದವರ ಹಾಗೆ ಎದೆ ಓಡುತ್ತಿತ್ತು. ತಪ್ಪುವುದು ಮಾತ್ರ ಕೇಳಲಿಲ್ಲ.

“ನೋಡಿದ್ಯಾ? ರೇಸ್ ಕೊಟ್ಟರೆ ಮಿಸ್ಸಿಂಗ್ ಹೋಗುತ್ತೆ.”

“ಹೋಗಲ್ಲ ರೀ, ಅಡಗಿಕೊಳ್ಳುತ್ತೆ.”

“ಮೆಕ್ಯಾನಿಕ್ ನೀನೋ ನಾನೋ?”

ಅಂದಿನಿಂದ ಅದೇ ಔಷಧಿ. ಎದೆ ತಪ್ಪಿದರೆ ಎಳೆಯುವುದು. ಎಳೆದದ್ದು ಇಳಿದ ಮೇಲೆ ಮೊದಲಿಗಿಂತ ಹೆಚ್ಚು ತಪ್ಪುತ್ತಿತ್ತು. ಆಗ ಮತ್ತೆ ಎಳೆಯುವುದು. ಬೆರಳು ಸಣ್ಣಗೆ ನಡುಗತೊಡಗಿದವು. ನಟ್ಟು ಕೈಜಾರಿ ಬೀಳುತ್ತಿತ್ತು. ಒಂದು ದಿನ ಶೆಡ್ಡಿನಲ್ಲಿ ಕಣ್ಣು ಕತ್ತಲೆ ಬಂದು ಕುಸಿದರು. ಆಗ ಆಸ್ಪತ್ರೆಗೆ ಒಪ್ಪಿದರು.

ಡಾಕ್ಟರಮ್ಮ ಕೂರಿಸಿಕೊಂಡು ಹೇಳಿದರು. “ನಿಕೋಟಿನ್ ಒಳಗೆ ಹೋದಾಗೆಲ್ಲ ಹೃದಯಕ್ಕೆ ಚಾಟಿ ಬಿದ್ದ ಹಾಗೆ. ಸಿಗರೇಟಿಂದ ಹೋದ್ರೂ ಅಷ್ಟೇ, ಈ ಪೆನ್ನಿಂದ ಹೋದ್ರೂ ಅಷ್ಟೇ. ಓಟ ಹೆಚ್ಚುತ್ತೆ. ಕೆಲವರಿಗೆ ತಾಳವೇ ತಪ್ಪಿಹೋಗುತ್ತೆ.”

ಎದೆಗೆ ವಯರು ಅಂಟಿಸಿ, ಸೊಂಟಕ್ಕೆ ಸಣ್ಣ ಪೆಟ್ಟಿಗೆ ಕಟ್ಟಿದರು. ಒಂದು ಹಗಲು ಒಂದು ರಾತ್ರಿ ಅದು ಬಡಿತವನ್ನು ಹಿಡಿದಿಡುತ್ತದಂತೆ. “ದಿನಾ ಹೇಗಿರ್ತೀರೋ ಹಾಗೇ ಇರಿ. ಏನೂ ಬದಲಾಯಿಸಬೇಡಿ,” ಅಂದರು.

ಮನೆಗೆ ಬಂದವರೇ ಪೀಪಿಯನ್ನು ಬೀರುವಿನ ಮೇಲೆ ಎಸೆದರು.

“ದಿನಾ ಇದ್ದ ಹಾಗೇ ಇರಿ ಅಂದ್ರಲ್ಲ ಡಾಕ್ಟ್ರು! ಇವತ್ತೇ ಬಿಡಬೇಕಾ?”

“ಗಾಡಿ ತೋರಿಸೋಕೆ ತರೋವಾಗ ಜನ ತೊಳೆದು ತರಲ್ವಾ? ಹಾಗೇ.”

“ಅವರನ್ನ ನೀವೇ ಉಗೀತೀರಲ್ಲ! ತೊಳೆದ ಗಾಡೀಲಿ ಆಯಿಲ್ ಎಲ್ಲಿ ಸೋರುತ್ತೆ ಅಂತ ಹೇಗೆ ಹುಡುಕಲಿ ಅಂತ!”

ಅವತ್ತು ಶೆಡ್ಡಿಗೆ ಹೋಗಲಿಲ್ಲ. ಗೋಡೆ ನೋಡುತ್ತಾ, ಉಗುರು ಕಚ್ಚುತ್ತಾ ಕೂತರು. ಮರುದಿನ ಪೆಟ್ಟಿಗೆ ಬಿಚ್ಚಿಸಿಕೊಂಡು ಆಸ್ಪತ್ರೆಯ ಗೇಟು ದಾಟಿದ್ದೇ ತಡ, ಅಂಗಡಿಗೆ ನುಗ್ಗಿ ಸಿಗರೇಟು ಹಚ್ಚಿದರು. ಅವಸರಕ್ಕೆ ಕಡ್ಡಿ ಆರಿಹೋಯಿತು. ಇನ್ನೊಂದು ಗೀರಿದರು.

ರಿಪೋರ್ಟು ಚೆನ್ನಾಗಿ ಬಂತು. ಡಾಕ್ಟರಮ್ಮನಿಗೇ ಆಶ್ಚರ್ಯ. “ಆ ದಿನ ಎಂದಿನ ಹಾಗೇ ಇದ್ರಾ?”

“ಹೂಂ ಮೇಡಂ.”

“ಸುಳ್ಳು ಮೇಡಂ,” ಅಂದೆ. “ಅದೊಂದು ದಿನ ಎಳೆದಿಲ್ಲ.”

ಅವರು ಕಾಗದ ಕೆಳಗಿಟ್ಟರು. “ಹಾಗಾದ್ರೆ ಇದನ್ನು ನಂಬೋ ಹಾಗಿಲ್ಲ. ಇನ್ನೊಂದು ಸಲ ಕಟ್ಟಬೇಕು. ಅಲ್ಲೀವರೆಗೂ ಅದನ್ನು ಮುಟ್ಟದಿದ್ರೆ ಇನ್ನೂ ಒಳ್ಳೇದು.”

ಬಸ್ಸಿನಲ್ಲಿ ಇವರು ನನ್ನ ಪಕ್ಕ ಕೂರಲಿಲ್ಲ. ಮನೆಗೆ ಬಂದ ಮೇಲೆ ಬಾಯಿ ಬಿಟ್ಟರು. “ಹೊರಗಿನವರ ಮುಂದೆ ನನ್ನ ಮರ್ಯಾದೆ ತೆಗೆದೆ.”

“ನಿಮ್ಮ ಮರ್ಯಾದೆ ಇಟ್ಕೊಂಡು ನಾನೇನ್ ಮಾಡ್ಲಿ? ನನಗೆ ನೀವು ಬೇಕು.”

ಆ ಮಾತಿಗೆ ಮೆತ್ತಗಾದರು. ಪೆಟ್ಟಿಗೆ ಕಟ್ಟಿಸಿಕೊಳ್ಳಲು ಬರುತ್ತೇನೆ ಅಂದರು. ಆದರೆ ಒಂದು ವ್ಯಾನು ಬಿಚ್ಚಿಟ್ಟಿದ್ದರು, ಅದು ಮುಗಿಯಲಿ ಅಂದರು. ಅದು ಮುಗಿದ ಮೇಲೆ ಇನ್ನೊಂದು ಬಂತು. ನಾನು ದಿನಾ ಕೇಳುತ್ತಿದ್ದೆ. ದಿನಾ ನಾಳೆ ಅನ್ನುತ್ತಿದ್ದರು. ಪೀಪಿ ಬೀರುವಿನ ಮೇಲಿಂದ ಇಳಿದು ಜೇಬಿಗೆ ಸೇರಿತ್ತು.

ಒಂದು ಬೆಳಿಗ್ಗೆ ಬಟ್ಟೆ ಹಿಂಡುತ್ತಿದ್ದೆ. ರಿಪೇರಿಗೆ ಬಿಟ್ಟಿದ್ದ ವ್ಯಾನಿನವನು ಓಡಿ ಬಂದ.

“ಅಕ್ಕಾ, ಬೇಗ ಬನ್ನಿ.”

ಒದ್ದೆ ಕೈಯಲ್ಲೇ ಓಡಿದೆ. ವ್ಯಾನಿನ ಚಕ್ರಕ್ಕೆ ಒರಗಿ ಕಾಲು ಚಾಚಿ ಕೂತಿದ್ದರು. ತುಟಿ ನೀಲಿಯಾಗಿತ್ತು. ಎದೆಗೆ ಕಿವಿ ಇಟ್ಟೆ. ಇಂಜಿನ್ ಸದ್ದಿಗೆ ಏನೂ ಕೇಳುತ್ತಿರಲಿಲ್ಲ. “ಆಫ್ ಮಾಡಪ್ಪಾ!” ಅಂತ ಕೂಗಿದೆ. ವ್ಯಾನಿನವನು ಆಫ್ ಮಾಡಿದ. ಆಗಲೂ ಏನೂ ಕೇಳಲಿಲ್ಲ.

ಎಲ್ಲ ಮುಗಿದ ಮೇಲೆ, ಮೈದುನನನ್ನು ಹೊರಗೆ ಕೂರಿಸಿ ಡಾಕ್ಟರಮ್ಮನ ಹತ್ತಿರ ಒಬ್ಬಳೇ ಹೋದೆ. ಆ ಪೀಪಿಯಿಂದಲೇ ಹೋದರಾ ಅಂತ ಕೇಳಿದೆ.

“ಅದೊಂದೇ ಅಂತ ಹೇಳೋಕಾಗಲ್ಲಮ್ಮ. ಅದು ಇಲ್ಲ ಅಂತಾನೂ ಹೇಳಲಾರೆ.”

“ಎರಡನೇ ಸಲ ಕಟ್ಟಿದ್ರೆ ಉಳೀತಿದ್ರಾ?”

“ಏನು ನಡೀತಿದೆ ಅಂತ ಗೊತ್ತಾಗಿರೋದು. ಏನಾದ್ರೂ ಮಾಡಬಹುದಿತ್ತು.”

ನಾನು ಎದ್ದೆ. ಹೊರಗೆ ಬೆಂಚಿನ ಮೇಲೆ, ಪೀಪಿ ತಂದುಕೊಟ್ಟ ಮೈದುನ ಕಾಯುತ್ತಿದ್ದ. ಏನಂದ್ರು ಅತ್ತಿಗೆ ಅಂತ ಕೇಳಿದ. ಡಾಕ್ಟರಮ್ಮ ಅಂದದ್ದನ್ನು ಅವನಿಗೂ ಹೇಳಿದೆ, ಒಂದು ಮಾತೂ ಬಿಡದೆ.